ಹೆಪ್ಪಿನಿಂದ ಕಂಪೈಲರ್: ಜಿಸಿಸಿ ಕಟ್ಟುವುದು, ಪರೀಕ್ಷಿಸುವುದು

ಸಿ ಪ್ರೋಗ್ರಾಮಿನಲ್ಲಿ ಒಂದು ಇಂಟ್ ವೇರಿಯೇಬಲ್‌ಗೆ ‘ಉಪ್ಪು’ ಅಂತ ಹೆಸರಿಟ್ಟು, ಅದಕ್ಕೆ 5 ಅಂತ ಬೆಲೆ ಕೊಟ್ಟು ಕಂಪೈಲ್ ಮಾಡಿದರೆ ಏನಾಗ್ತದೆ? ನೀವು ಯಾವ ಯಂತ್ರದ ಮುಂದೆ ಕೂತಿದ್ದೀರಿ ಅನ್ನೋದರ ಮೇಲೆ ಉತ್ತರ ಬದಲಾಗ್ತದೆ. ಅಂಕೋಲಾದಲ್ಲಿ ನಮ್ಮಲ್ಲೊಬ್ಬರ ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪಿನಲ್ಲಿ (ಡೆಬಿಯನ್ 12, ಅದರ ಜೊತೆ ಬಂದ ಜಿಸಿಸಿ 12) ಏನೂ ತಕರಾರಿಲ್ಲದೆ ಓಡಿತು. ಅದೇ ಫೈಲನ್ನು ಕಾರವಾರದ ಲ್ಯಾಬಿಗೆ ತಂದು (ಉಬುಂಟು 20.04, ಜಿಸಿಸಿ 9) ಕೊಟ್ಟರೆ ಪರದೆ ತುಂಬ ‘ಸ್ಟ್ರೇ \340 ಇನ್ ಪ್ರೋಗ್ರಾಂ’, ‘ಸ್ಟ್ರೇ \262 ಇನ್ ಪ್ರೋಗ್ರಾಂ’ ಅನ್ನೋ ಸಾಲುಗಳು. ಎಣಿಸಿದರೆ 15. ಅದರ ಮೇಲೆ, ಹೆಸರೇ ಇಲ್ಲದೆ ಉಳಿದ ಈಕ್ವಲ್ ಚಿಹ್ನೆಗೆ ಇನ್ನೊಂದು ಬೈಗುಳ.

15 ಯಾಕೆ? ‘ಉಪ್ಪು’ ನಮ್ಮ ಕಣ್ಣಿಗೆ ಎರಡು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಐದು: ಉ, ಪ, ಒತ್ತು ಮಾಡುವ ವಿರಾಮ ಚಿಹ್ನೆ, ಮತ್ತೊಂದು ಪ, ಉಕಾರದ ಕೊಂಬು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಐದು ಮೂರ್ಲೆ ಹದಿನೈದು. ಪ್ರತಿ ಸಂಕೇತದ ಮೊದಲ ಬೈಟು, ಎಂಟರ ಮಾನದಲ್ಲಿ ಬರೆದರೆ, 340. ಅದಕ್ಕೇ ಆ ಸಂಖ್ಯೆ ಮತ್ತೆ ಮತ್ತೆ ಬರೋದು. ಸೋರ್ಸ್ ಫೈಲಿನಲ್ಲಿ ಹೆಸರುಗಳನ್ನು ನೇರವಾಗಿ ಯುಟಿಎಫ್-8ರಲ್ಲಿ ಬರೆಯಲು ಜಿಸಿಸಿ ಬಿಟ್ಟಿದ್ದು 2020ರ 10ನೇ ಆವೃತ್ತಿಯಿಂದ. ಅದಕ್ಕೂ ಮುಂಚೆ ಒಂದೊಂದು ಅಕ್ಷರಕ್ಕೂ ಬ್ಯಾಕ್‌ಸ್ಲ್ಯಾಶ್ ಹಾಕಿ ಅದರ ಸಂಕೇತ ಬರೆಯಬೇಕಿತ್ತು. ಹಾಗೆ ಕನ್ನಡ ಬರೆಯೋ ಪುಣ್ಯಾತ್ಮರು ಯಾರೂ ಇರಲಿಕ್ಕಿಲ್ಲ.

ಪಿಯು ಮಕ್ಕಳಿಗೆ ಕನ್ನಡದಲ್ಲೇ ಪ್ರೋಗ್ರಾಮಿಂಗ್ ತೋರಿಸಬೇಕು ಅಂತ ನಾವು ಉದಾಹರಣೆಗಳನ್ನು ಬರೀತಾ ಇದ್ದೆವು. (ಉಪ್ಪು ಅನ್ನೋ ಹೆಸರು 1930ರ ಅಂಕೋಲಾ ಉಪ್ಪಿನ ಸತ್ಯಾಗ್ರಹದ ನೆನಪಿಗೆ. ಬೇಕಾದ್ದನ್ನು ತಾವೇ ಮಾಡಿಕೊಂಡ ಊರು ಅದು.) ಲ್ಯಾಬ್ ಯಂತ್ರದಲ್ಲಿ ನಮಗೆ ರೂಟ್ ಪಾಸ್‌ವರ್ಡ್ ಇಲ್ಲ, ಇರಬೇಕಾಗಿಯೂ ಇಲ್ಲ. ಉಳಿದದ್ದು ಒಂದೇ ದಾರಿ: ಹೊಸ ಜಿಸಿಸಿಯನ್ನು ಸೋರ್ಸಿನಿಂದ ನಮ್ಮ ಹೋಮ್ ಡೈರೆಕ್ಟರಿಯೊಳಗೇ ಕಟ್ಟಿಕೊಳ್ಳೋದು. ಕಟ್ಟೋದು ಅರ್ಧ ಕೆಲಸ. ಕಟ್ಟಿದ್ದು ಸರಿ ಇದೆಯಾ ಅಂತ ತಿಳಿಯೋದು ಉಳಿದರ್ಧ, ಮತ್ತು ಇಂಟರ್ನೆಟ್ಟಿನಲ್ಲಿ ಸಿಗೋ ‘ಐದೇ ಸಾಲು’ ವಿವರಣೆಗಳು ಬಿಟ್ಟುಬಿಡೋದು ಅದನ್ನೇ. ಹಾಗಾಗಿ ಈ ಲೇಖನ. ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೇ ಕನ್ನಡದಲ್ಲಿ ಬರೆದಿದ್ದೇವೆ. ಟರ್ಮಿನಲ್ಲಿನಲ್ಲಿ ಹೇಗೆ ಹೊಡೀಬೇಕು ಅಂತ ನಿಮಗೆ ಗೊತ್ತೇ ಇದೆ.

ಮೊದಲು ಸಾಮಾನು. ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಮೊದಲು ಹೊರಬಿಟ್ಟ ಜಿಸಿಸಿ ಆಗ ಬರೀ ಸಿ ಕಂಪೈಲರ್. ಇವತ್ತು ಅದು ಹಲವು ಭಾಷೆಗಳ ಸಂಗ್ರಹ. ನಾವು ತಗೊಂಡಿದ್ದು 14.2. ಒತ್ತಿ ಕಟ್ಟಿದ ಫೈಲು ಸುಮಾರು 90 ಎಂಬಿ ಅಷ್ಟೆ, ಆದರೆ ಬಿಚ್ಚಿ ಕಟ್ಟುವಾಗ ಊದಿಕೊಳ್ತದೆ. ಡಿಸ್ಕಿನಲ್ಲಿ 10 ಜಿಬಿ ಖಾಲಿ ಇಟ್ಟುಕೊಂಡೇ ಶುರು ಮಾಡಿ. ಗ್ನೂ ಸರ್ವರಿನಲ್ಲಿ ಆ ಫೈಲಿನ ಪಕ್ಕದಲ್ಲೇ ಒಂದು ಸಹಿ ಫೈಲು ಇರ್ತದೆ. ಅದನ್ನೂ ಇಳಿಸಿ ಜಿಪಿಜಿಯಲ್ಲಿ ತಾಳೆ ನೋಡಿ. ಯಾಕೆ ಅಂತ ಮುಂದೆ ಬರ್ತದೆ. ಅಂಕೋಲಾಕ್ಕೆ ಪೆನ್‌ಡ್ರೈವಿನಲ್ಲಿ ಬಸ್ ಹತ್ತಿದ್ದೂ ಬಿಚ್ಚದೇ ಇರೋ ಫೈಲೇ. ಫ್ಯಾಟ್ ಮಾದರಿಯ ಪೆನ್‌ಡ್ರೈವಿಗೆ ಬಿಚ್ಚಿದ ಮರವನ್ನು ನಕಲು ಮಾಡಿದರೆ ಸಿಂಬಾಲಿಕ್ ಲಿಂಕುಗಳೂ ಅನುಮತಿಗಳೂ ದಾರಿಯಲ್ಲೇ ಉದುರಿಹೋಗ್ತವೆ.

ಜಿಸಿಸಿಗೆ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಅನ್ನೋ ಮೂರು ಗಣಿತದ ಲೈಬ್ರರಿ ಬೇಕೇ ಬೇಕು. ಐಎಸ್‌ಎಲ್ ಇದ್ದರೆ ಒಳ್ಳೆಯದು. ಸೋರ್ಸಿನ ಕಾಂಟ್ರಿಬ್ ಡೈರೆಕ್ಟರಿಯಲ್ಲಿ ‘ಡೌನ್‌ಲೋಡ್ ಪ್ರಿರಿಕ್ವಿಸಿಟ್ಸ್’ ಅನ್ನೋ ಸ್ಕ್ರಿಪ್ಟ್ ಓಡಿಸಿದರೆ ನಾಲ್ಕನ್ನೂ ತಂದು, ಚೆಕ್‌ಸಮ್ ನೋಡಿ, ಜಾಗದಲ್ಲಿಟ್ಟು ಕೊಡ್ತದೆ. ಹಾಗಂತ ಎಲ್ಲ ಮುಗೀತು ಅಂದುಕೊಳ್ಳಬೇಡಿ. ಜಿಎಂಪಿ ಕಟ್ಟಲು ಎಂ4 ಬೇಕು. ಪರೀಕ್ಷೆಗೆ ಡೆಜಾಗ್ನೂ ಬೇಕು, ಡೆಜಾಗ್ನೂಗೆ ಎಕ್ಸ್‌ಪೆಕ್ಟ್ ಬೇಕು, ಎಕ್ಸ್‌ಪೆಕ್ಟಿಗೆ ಟಿಸಿಎಲ್ ಬೇಕು. ರೂಟ್ ಇಲ್ಲದಿದ್ದರೆ ಇವನ್ನೂ ಒಂದೊಂದಾಗಿ ಹೋಮ್ ಡೈರೆಕ್ಟರಿಯಲ್ಲೇ ಕಟ್ಟಬೇಕು. ಚಿಕ್ಕವು, ಒಂದು ಮಧ್ಯಾಹ್ನದ ಕೆಲಸ.

ಕಾನ್ಫಿಗರ್ ಹಂತದಲ್ಲಿ ಒಂದು ಮಾತು ಕಡ್ಡಾಯ: ಸೋರ್ಸ್ ಡೈರೆಕ್ಟರಿಯೊಳಗೆ ನಿಂತು ಕಾನ್ಫಿಗರ್ ಓಡಿಸಬಾರದು. ಪಕ್ಕದಲ್ಲಿ ಬೇರೆಯೇ ಒಂದು ಖಾಲಿ ಡೈರೆಕ್ಟರಿ ಮಾಡಿ, ಅದರೊಳಗೆ ಹೋಗಿ, ಅಲ್ಲಿಂದ ಸೋರ್ಸಿನ ಕಾನ್ಫಿಗರನ್ನು ಕರೀಬೇಕು. ಏನಾದರೂ ಕೆಟ್ಟರೆ ಆ ಡೈರೆಕ್ಟರಿಯನ್ನು ಅಳಿಸಿ ಹೊಸದಾಗಿ ಶುರು ಮಾಡಬಹುದು, ಸೋರ್ಸಿಗೆ ಮೈಲಿಗೆ ಇಲ್ಲ. ಆಯ್ಕೆಗಳು ಮೂರು ಸಾಕು. ಪ್ರಿಫಿಕ್ಸ್ ಅಂತ ಹೋಮಿನೊಳಗಿನ ಒಂದು ದಾರಿ. ಲ್ಯಾಂಗ್ವೇಜಸ್ ಅಂತ ಸಿ ಮತ್ತು ಸಿ ಪ್ಲಸ್ ಪ್ಲಸ್ ಮಾತ್ರ. ಮೂರನೆಯದು ಡಿಸೇಬಲ್ ಮಲ್ಟಿಲಿಬ್. ಇದನ್ನು ಕೊಡದಿದ್ದರೆ 64 ಬಿಟ್ ಯಂತ್ರದಲ್ಲಿ 32 ಬಿಟ್ ಲೈಬ್ರರಿಗಳನ್ನೂ ಕಟ್ಟಲು ಹೊರಟು, ‘ಸ್ಟಬ್ಸ್-32’ ಅನ್ನೋ ಹೆಡರ್ ಸಿಗಲಿಲ್ಲ ಅಂತ ನಿಂತುಬಿಡಬಹುದು.

ಇನ್ನು ಮೇಕ್. ಇಲ್ಲಿ ಒಂದು ವಿಚಿತ್ರ ಇದೆ. ಜಿಸಿಸಿ ಬರೆದಿರೋದು ಸಿ ಪ್ಲಸ್ ಪ್ಲಸ್‌ನಲ್ಲಿ. ಅಂದರೆ ಕಂಪೈಲರನ್ನು ಕಟ್ಟಲು ಮೊದಲೇ ಒಂದು ಕಂಪೈಲರ್ ಬೇಕು. ಮೊಸರು ಮಾಡಲು ಹೆಪ್ಪು ಬೇಕು, ಹೆಪ್ಪು ಅಂದರೆ ನಿನ್ನೆಯ ಮೊಸರೇ. ಮನೆಯಲ್ಲಿ ಮುಗಿದಿದ್ದರೆ ಪಕ್ಕದ ಮನೆಯಿಂದ ತರಬೇಕು. ಇಲ್ಲಿ ಪಕ್ಕದ ಮನೆ ಅಂದರೆ ಯಂತ್ರದ ಜೊತೆಗೇ ಬಂದ ಹಳೇ ಜಿಸಿಸಿ 9.

ಆ ಹೆಪ್ಪಿನಿಂದ ಜಿಸಿಸಿ 14ರ ಸೋರ್ಸನ್ನು ಕಂಪೈಲ್ ಮಾಡಿದರೆ ಬರುವುದು ಸ್ಟೇಜ್ 1. ನಡೆತೆಯಲ್ಲಿ ಅದು 14ನೇ ಆವೃತ್ತಿಯೇ, ಆದರೆ ಅದರ ಒಳಗಿನ ಯಂತ್ರಭಾಷೆ ಬರೆದದ್ದು 9ನೇ ಆವೃತ್ತಿ. ಈಗ ಸ್ಟೇಜ್ 1 ಬಳಸಿ ಅದೇ ಸೋರ್ಸನ್ನು ಮತ್ತೆ ಕಂಪೈಲ್ ಮಾಡ್ತದೆ: ಸ್ಟೇಜ್ 2. ಸ್ಟೇಜ್ 2 ಬಳಸಿ ಇನ್ನೊಮ್ಮೆ: ಸ್ಟೇಜ್ 3. ಸ್ಟೇಜ್ 1 ಮತ್ತು 2ನ್ನು ಹೋಲಿಸಿದರೆ ಬೈಟುಗಳು ಬೇರೆ ಬೇರೆ ಇರ್ತವೆ, ಇರಲೇಬೇಕು. ಅವನ್ನು ಮಾಡಿದ ಕೈಗಳು ಬೇರೆ. ಆದರೆ ಸ್ಟೇಜ್ 2ನ್ನು ಮಾಡಿದ್ದು ಸ್ಟೇಜ್ 1, ಸ್ಟೇಜ್ 3ನ್ನು ಮಾಡಿದ್ದು ಸ್ಟೇಜ್ 2. ಸೋರ್ಸ್ ಒಂದೇ, ಮಾಡಿದ ಇಬ್ಬರ ನಡೆತೆಯೂ ಒಂದೇ ಆಗಿರಬೇಕು. ಹಾಗಾಗಿ ಫಲ ಬೈಟಿಗೆ ಬೈಟು ಒಂದೇ ಆಗಬೇಕು. ಮೇಕ್ ತಾನೇ ಎರಡರ ಆಬ್ಜೆಕ್ಟ್ ಫೈಲುಗಳನ್ನು ತಾಳೆ ನೋಡಿ, ಬೇರೆ ಬಂದರೆ ‘ಬೂಟ್‌ಸ್ಟ್ರಾಪ್ ಕಂಪ್ಯಾರಿಸನ್ ಫೇಲ್ಯೂರ್’ ಅಂತ ಕೂಗಿ ನಿಲ್ಲುತ್ತದೆ. ಪರೀಕ್ಷೆ ಅಂತ ನಾವು ಶುರು ಮಾಡುವ ಮುಂಚೆಯೇ ಕಂಪೈಲರ್ ಒಂದು ಪರೀಕ್ಷೆ ಬರೆದು ಮುಗಿಸಿರ್ತದೆ. ಹತ್ತಾರು ಲಕ್ಷ ಸಾಲಿನ ಪ್ರೋಗ್ರಾಮನ್ನು, ಅಂದರೆ ತನ್ನನ್ನೇ, ತಪ್ಪಿಲ್ಲದೆ ಕಂಪೈಲ್ ಮಾಡಿ ತೋರಿಸೋದು ಸಣ್ಣ ಪರೀಕ್ಷೆ ಅಲ್ಲ.

ಆದರೆ ಹೆಪ್ಪೇ ಹುಳಿಯಾಗಿದ್ದರೆ? 1984ರಲ್ಲಿ ಯುನಿಕ್ಸ್ ಜನಕರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಕೇಳಿದ್ದು ಇದನ್ನೇ. ಲಾಗಿನ್ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ ಗುಟ್ಟಿನ ಬಾಗಿಲು ಸೇರಿಸುವ, ಕಂಪೈಲರನ್ನೇ ಕಂಪೈಲ್ ಮಾಡುವಾಗ ಈ ಕುತಂತ್ರವನ್ನು ಮತ್ತೆ ಒಳಗೆ ತುರುಕುವ ಒಂದು ಕಂಪೈಲರ್ ಇದೆ ಅಂತ ಇಟ್ಟುಕೊಳ್ಳಿ. ಆಮೇಲೆ ಸೋರ್ಸಿನಿಂದ ಆ ಕುತಂತ್ರವನ್ನು ಅಳಿಸಿಬಿಟ್ಟರೂ ಅದು ತಲೆಮಾರಿನಿಂದ ತಲೆಮಾರಿಗೆ ಹೆಪ್ಪಿನ ಮೂಲಕ ದಾಟ್ತಾ ಹೋಗ್ತದೆ. ಸ್ಟೇಜ್ 2, 3 ಒಂದೇ ಬರ್ತವೆ, ಎರಡರಲ್ಲೂ ಹುಳಿ ಇರ್ತದೆ. ಇದಕ್ಕೆ ಡೇವಿಡ್ ವೀಲರ್ ಒಂದು ಮದ್ದು ತೋರಿಸಿದರು: ಪೂರ್ತಿ ಬೇರೆ ಮನೆಯ ಹೆಪ್ಪಿನಿಂದಲೂ ಅದೇ ಸೋರ್ಸನ್ನು ಎರಡು ಸುತ್ತು ಕಟ್ಟಿ, ಕೊನೆಯ ಫಲವನ್ನು ಮೊದಲಿನದರ ಜೊತೆ ಬೈಟಿಗೆ ಬೈಟು ಹೋಲಿಸೋದು.

ಹಾಗಾದರೆ ಕಾರವಾರದಲ್ಲಿ ಜಿಸಿಸಿ 9ರಿಂದ ಕಟ್ಟಿದ್ದನ್ನೂ ಅಂಕೋಲಾದಲ್ಲಿ ಜಿಸಿಸಿ 12ರಿಂದ ಕಟ್ಟಿದ್ದನ್ನೂ ಹೋಲಿಸಿಬಿಡಬಹುದಲ್ವಾ? ಆಸೆ ನಮಗೂ ಹುಟ್ಟಿತು. ಆಗೋದಿಲ್ಲ. ಎರಡು ಯಂತ್ರಗಳ ಅಸೆಂಬ್ಲರ್ ಬೇರೆ, ಸಿ ಲೈಬ್ರರಿಯ ಹೆಡರುಗಳು ಬೇರೆ. ಬೈಟುಗಳು ಬೇರೆ ಬರಲು ಇಷ್ಟೇ ಸಾಕು, ಹುಳಿ ಬೇಕಾಗಿಲ್ಲ. ಒಂದೇ ಯಂತ್ರದಲ್ಲಿ, ಒಂದೇ ದಾರಿಯಲ್ಲಿ, ಹೆಪ್ಪು ಮಾತ್ರ ಬದಲಿಸಿ ಮಾಡಬೇಕಾದ ಕೆಲಸ ಅದು.

ಹೇಳೋದು ಇಷ್ಟು ಸುಲಭ, ಓಡಿಸಿದ್ದು ಜುಲೈ ತಿಂಗಳಲ್ಲಿ. ಕರಾವಳಿಯ ಜುಲೈ ಅಂದರೆ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗ್ತದೆ ಅಂತ ಹೊರಗಿನವರಿಗೆ ಹೇಳಿದರೆ ನಂಬಲಿಕ್ಕಿಲ್ಲ. ಮೇಕ್‌ನ ಒಂದು ದೊಡ್ಡ ಗುಣ, ನಿಂತಲ್ಲಿಂದ ಮುಂದುವರೀತದೆ. ಫೈಲುಗಳ ಹೊತ್ತು ನೋಡಿ, ಸೋರ್ಸಿಗಿಂತ ಆಬ್ಜೆಕ್ಟ್ ಹೊಸದಾಗಿದ್ದರೆ ಅದನ್ನು ಮುಟ್ಟದೆ ಮುಂದೆ ಹೋಗ್ತದೆ. ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದರೆ ಅರ್ಧ ಬರೆದ ಫೈಲನ್ನು ತಾನೇ ಅಳಿಸ್ತದೆ. ಆದರೆ ಕರೆಂಟ್ ಹೋದಾಗ ಅಳಿಸಲು ಅದಕ್ಕೆ ಜೀವ ಎಲ್ಲಿರ್ತದೆ? ಕಾರವಾರದ ಯಂತ್ರ ಮತ್ತೆ ಎದ್ದಾಗ ಕೆಲವು ಆಬ್ಜೆಕ್ಟ್ ಫೈಲುಗಳು ಸೊನ್ನೆ ಬೈಟಿನವಾಗಿದ್ದವು. ಹೊತ್ತು ಮಾತ್ರ ಹೊಸದು. ಮೇಕ್ ಅವನ್ನು ಮುಗಿದ ಕೆಲಸ ಅಂತಲೇ ನಂಬಿ ಮುಂದೆ ಹೋಗಿ, ಲಿಂಕ್ ಮಾಡುವಾಗ ‘ಫೈಲ್ ಫಾರ್ಮ್ಯಾಟ್ ನಾಟ್ ರೆಕಗ್ನೈಸ್ಡ್’ ಅಂತ ನಿಂತಿತು. ಪರಿಹಾರ ಸರಳ: ಫೈಂಡ್ ಆಜ್ಞೆಯಿಂದ ಸೊನ್ನೆ ಗಾತ್ರದ ಆಬ್ಜೆಕ್ಟುಗಳನ್ನು ಹುಡುಕಿ ಅಳಿಸಿ ಮತ್ತೆ ಮೇಕ್ ಕೊಡೋದು. ಆದರೆ ಅರ್ಧ ಬರೆದು ಸೊನ್ನೆ ಅಲ್ಲದ ಫೈಲು ಉಳಿದಿರಬಹುದು ಅನ್ನೋ ಅನುಮಾನ ಇದ್ದೇ ಇರ್ತದೆ. ಹಾಗಾಗಿ ಕರೆಂಟ್ ಹೋಗುವುದಕ್ಕೆ ಸ್ವಲ್ಪ ಮುಂಚೆ ಹುಟ್ಟಿದ ಎಲ್ಲ ಆಬ್ಜೆಕ್ಟುಗಳನ್ನೂ ಅಳಿಸೋದು ಕ್ಷೇಮ. ಹೋದರೆ ಹತ್ತು ನಿಮಿಷ.

ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅಂಕೋಲಾದಲ್ಲಿ ಈ ಕಾಟ ಇರಲಿಲ್ಲ. ಅಲ್ಲಿನ ಕಾಟವೇ ಬೇರೆ. ಹಳೇ ಯಂತ್ರ, ಮದರ್‌ಬೋರ್ಡಿನ ಗುಂಡಿ ಸೆಲ್ಲು ಸತ್ತಿದೆ, ಆಫ್ ಮಾಡಿ ಹಾಕಿದರೆ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗ್ತದೆ. ಹೊತ್ತು ನೋಡಿ ಬದುಕುವ ಮೇಕ್‌ಗೆ ಇದಕ್ಕಿಂತ ದೊಡ್ಡ ಗೊಂದಲ ಇಲ್ಲ: ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್, ಬಿಲ್ಡ್ ಅಪೂರ್ಣ ಆಗಿರಬಹುದು’ ಅಂತ ಎಚ್ಚರಿಕೆ. ಅದನ್ನು ಬರೀ ಎಚ್ಚರಿಕೆ ಅಂತ ದಾಟಬೇಡಿ. ಗಡಿಯಾರ ಸರಿ ಮಾಡಿ, ಡೈರೆಕ್ಟರಿ ಅಳಿಸಿ, ಮೊದಲಿಂದ ಕಟ್ಟಿ.

ಮೆಮೊರಿಯದ್ದೂ ಒಂದು ಮಾತು. ಮೈನಸ್ ಜೆ ಕೊಟ್ಟು ಒಟ್ಟಿಗೆ ಎಷ್ಟು ಕೆಲಸ ಅಂತ ಹೇಳ್ತೇವಲ್ಲ, ಕೋರುಗಳನ್ನಷ್ಟೇ ಎಣಿಸಿ ಆ ಸಂಖ್ಯೆ ಕೊಡಬಾರದು. ಒಂದು ಕೆಲಸಕ್ಕೆ 1 ಜಿಬಿಗಿಂತ ಕಡಿಮೆ ಲೆಕ್ಕ ಹಾಕಬೇಡಿ. ‘ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ’ ಅಂತ ಬಂದರೆ ಅದು ಸೋರ್ಸಿನ ದೋಷ ಅಲ್ಲ, ಮೆಮೊರಿ ಸಾಲದೆ ಕರ್ನೆಲ್ಲೇ ಕಂಪೈಲರನ್ನು ಕೊಂದಿದೆ. 4 ಜಿಬಿಯ ಅಂಕೋಲಾ ಲ್ಯಾಪ್‌ಟಾಪಿಗೆ ಎರಡು ಕೆಲಸವೇ ಜಾಸ್ತಿ.

ಕಟ್ಟಿದ್ದಾಯ್ತು. ಈಗ ಪರೀಕ್ಷೆ: ಮೇಕ್, ಮೈನಸ್ ಕೆ, ಚೆಕ್. ಮೈನಸ್ ಕೆ ಅಂದರೆ ಒಂದು ಬಿದ್ದರೂ ನಿಲ್ಲದೆ ಮುಂದೆ ಹೋಗು ಅಂತ. ಸಿ ಭಾಷೆಯ ಭಾಗದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ತಪಾಸಣೆ ಇದೆ. ಕಾರವಾರದಲ್ಲಿ ಒಂದು ಹಗಲು, ಅಂಕೋಲಾದಲ್ಲಿ ಒಂದು ರಾತ್ರಿ ಮತ್ತು ಮರುದಿನದ ಬಹುಪಾಲು ಹಿಡೀತು. ಮುಗಿದ ಮೇಲೆ ಎರಡು ಬಗೆಯ ಫೈಲು ಸಿಗ್ತವೆ. ಸಮ್ ಫೈಲಿನಲ್ಲಿ ಒಂದು ತಪಾಸಣೆಗೆ ಒಂದು ಸಾಲು. ಲಾಗ್ ಫೈಲಿನಲ್ಲಿ ಪೂರ್ತಿ ಕತೆ.

ಕೊನೆಯಲ್ಲಿ ಫೇಲ್ ಅಂತ ಒಂದಷ್ಟು ಇದ್ದೇ ಇರ್ತವೆ. ಮೊದಲ ಸಲ ನೋಡಿದವರು ಇಲ್ಲಿ ಎರಡರಲ್ಲಿ ಒಂದು ಮಾಡ್ತಾರೆ: ಗಾಬರಿಯಾಗಿ ಎಲ್ಲ ಅಳಿಸ್ತಾರೆ, ಇಲ್ಲವೇ ‘ಲಕ್ಷದಲ್ಲಿ ನಾಲ್ಕು ಹೋದರೆ ಏನಂತೆ’ ಅಂತ ಇನ್‌ಸ್ಟಾಲ್ ಕೊಡ್ತಾರೆ. ನಮ್ಮ ಮಟ್ಟಿಗೆ ಎರಡೂ ಸರಿ ಅಲ್ಲ. ಮೊದಲು ಪದಗಳನ್ನು ಓದಬೇಕು. ಎಕ್ಸ್‌ಫೇಲ್ ಅಂದರೆ ಬೀಳ್ತದೆ ಅಂತ ಬರೆದವರಿಗೆ ಮೊದಲೇ ಗೊತ್ತಿರೋದು, ಅದು ಬಿದ್ದರೆ ಚಿಂತೆ ಇಲ್ಲ. ಎಕ್ಸ್‌ಪಾಸ್ ಅಂದರೆ ಬೀಳಬೇಕಿದ್ದದ್ದು ಪಾಸಾಗಿದೆ, ನೋಡಬೇಕಾದ್ದೇ. ಅನ್‌ಸಪೋರ್ಟೆಡ್ ಅಂದರೆ ಈ ಯಂತ್ರದಲ್ಲಿ ಪರೀಕ್ಷಿಸಲು ಬೇಕಾದ ಸಾಮಾನಿಲ್ಲ. ಉದಾಹರಣೆಗೆ ಸಿ ಪ್ಲಸ್ ಪ್ಲಸ್ ಲೈಬ್ರರಿಯ ಕೆಲವು ತಪಾಸಣೆಗಳಿಗೆ ಜರ್ಮನ್, ಫ್ರೆಂಚ್ ಲೊಕೇಲ್ ಬೇಕು. ಅವು ಇಲ್ಲದಿದ್ದರೆ ಪಾಸೂ ಅಲ್ಲ, ಫೇಲೂ ಅಲ್ಲ, ನೋಡಲೇ ಇಲ್ಲ ಅಂತ ಅರ್ಥ. ಅನ್‌ರಿಸಾಲ್ವ್ಡ್ ಅನ್ನೋದು ಸಾಮಾನ್ಯವಾಗಿ ಫೇಲ್‌ನ ನೆರಳು. ಪ್ರೋಗ್ರಾಂ ಕಂಪೈಲೇ ಆಗದಿದ್ದರೆ ಅದಕ್ಕೊಂದು ಫೇಲ್, ಓಡಿಸಲು ಏನೂ ಸಿಗದ್ದರಿಂದ ಒಂದು ಅನ್‌ರಿಸಾಲ್ವ್ಡ್. ಕಾರಣ ಒಂದೇ, ಸಾಲು ಎರಡು.

ಆಮೇಲೆ ಹೋಲಿಕೆ. ಒಂದೇ ಯಂತ್ರದ ಫೇಲ್ ಪಟ್ಟಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಹೆಚ್ಚೇನೂ ಹೇಳೋದಿಲ್ಲ. ಎರಡನೆಯದರ ಪಕ್ಕದಲ್ಲಿಟ್ಟರೆ ಮಾತಾಡ್ತದೆ. ನಾವು ಎರಡು ಊರಿನಲ್ಲಿ ಕಟ್ಟಿದ್ದು ಇದಕ್ಕೇ. ಕಾಂಟ್ರಿಬ್‌ನಲ್ಲೇ ‘ಕಂಪೇರ್ ಟೆಸ್ಟ್ಸ್’ ಅನ್ನೋ ಸ್ಕ್ರಿಪ್ಟ್ ಇದೆ, ಎರಡು ಸಮ್ ಫೈಲು ಕೊಟ್ಟರೆ ಎಲ್ಲಿ ಬೇರೆ ಅಂತ ಹೇಳ್ತದೆ. ಎರಡೂ ಕಡೆ ಬಿದ್ದದ್ದು ಆ ಆವೃತ್ತಿಯದ್ದೇ ಸಮಸ್ಯೆ ಇರಬೇಕು. ಜಿಸಿಸಿಯ ಬಗ್‌ಜಿಲ್ಲಾದಲ್ಲಿ ಆ ತಪಾಸಣೆಯ ಹೆಸರು ಹಾಕಿ ಹುಡುಕಿ. ಒಂದೇ ಕಡೆ ಬಿದ್ದದ್ದು ಬಹುಮಟ್ಟಿಗೆ ಆ ಯಂತ್ರದ ಗುಣ. ಅಂಕೋಲಾದ ಪಟ್ಟಿ ಉದ್ದವಿತ್ತು. ಲಾಗ್ ತೆಗೆದು ನೋಡಿದರೆ ಹೆಚ್ಚಿನವುಗಳಲ್ಲಿ ‘ಪ್ರೋಗ್ರಾಂ ಟೈಮ್ಡ್ ಔಟ್’. ತಪ್ಪು ಉತ್ತರ ಅಲ್ಲ, ತಡವಾದ ಉತ್ತರ. ಡೆಜಾಗ್ನೂ ಒಂದು ತಪಾಸಣೆಗೆ ಇಷ್ಟೇ ಸೆಕೆಂಡು ಅಂತ ಕಾಯ್ತದೆ, ಬಡ ಯಂತ್ರದಲ್ಲಿ ಎರಡೆರಡು ಕೆಲಸ ಒಟ್ಟಿಗೆ ಓಡಿದರೆ ಆ ಗಡುವು ಸಾಲೋದಿಲ್ಲ. ಅವನ್ನಷ್ಟೇ ಒಂದೊಂದಾಗಿ ಓಡಿಸಿದಾಗ ಪಾಸಾದವು. ಬೇರೆ ಕೆಲವು ಡೀಬಗರಿಗೆ ಸಂಬಂಧಿಸಿದವು. ಎರಡು ಯಂತ್ರಗಳ ಜಿಡಿಬಿ ಆವೃತ್ತಿಗಳೇ ಬೇರೆ.

ಟೆಸ್ಟ್ ಡೈರೆಕ್ಟರಿಯನ್ನು ಯಾರೂ ತೆರೆದು ನೋಡೋದಿಲ್ಲ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ 2024ರ ಮಾರ್ಚಿನಲ್ಲಿ ಲೋಕಕ್ಕೇ ಗೊತ್ತಾಯ್ತು. ನಮ್ಮ ಜಿಸಿಸಿ ಫೈಲನ್ನು ಒತ್ತಿ ಕಟ್ಟಿದ್ದು ಯಾವ ವಿಧಾನದಲ್ಲೋ ಅದೇ ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿತ್ತು. ಅದರ ಹೂರಣ ಅಡಗಿದ್ದು ಪರೀಕ್ಷೆಗೆ ಅಂತ ಇಟ್ಟ ಫೈಲುಗಳ ಒಳಗೆ. ಅದನ್ನು ಹೊರಗೆಳೆಯುವ ಸ್ಕ್ರಿಪ್ಟಿನ ತುಣುಕು ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆ ಮಾಡಿದ ಟಾರ್ ಫೈಲಿನಲ್ಲಿ ಮಾತ್ರ ಇತ್ತು. ಆಂಡ್ರೆಸ್ ಫ್ರೊಯಿಂಡ್ ಅನ್ನೋ ಎಂಜಿನಿಯರ್ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗ್ತಿದೆ ಯಾಕೆ ಅಂತ ಬೆನ್ನುಹತ್ತಿ ಹೋಗಿ ಹಿಡಿದರು. ಸಹಿ ತಾಳೆ ನೋಡಿ ಅಂತ ಮೇಲೆ ಹೇಳಿದ್ದು ಕಳ್ಳ ಸರ್ವರಿನಿಂದ ಬಂದ ಫೈಲನ್ನು ಹಿಡೀತದೆ. ಎಕ್ಸ್‌ಝಡ್‌ನಂಥದ್ದನ್ನು ಅದೂ ಹಿಡಿಯೋದಿಲ್ಲ, ಅಲ್ಲಿ ಸಹಿ ಹಾಕಿದ ಕೈಯೇ ಕೆಟ್ಟಿತ್ತು. ಗಿಟ್‌ನ ಸೋರ್ಸಿಗೂ ಟಾರ್ ಫೈಲಿಗೂ ಡಿಫ್ ಹಾಕಿ ನೋಡುವುದು ಇನ್ನೊಂದು ಹೆಜ್ಜೆ.

ಇಷ್ಟೆಲ್ಲ ಆದ ಮೇಲೂ ನಾವು ಯಾವುದಕ್ಕಾಗಿ ಕಟ್ಟಿದೆವೋ ಅದರ ಪರೀಕ್ಷೆ ಬಾಕಿ ಇತ್ತು. ಯುಟಿಎಫ್-8 ಹೆಸರುಗಳಿಗೆ ಜಿಸಿಸಿಯಲ್ಲಿ ಟೆಸ್ಟ್‌ಗಳಿವೆ, ಫೈಲುಗಳ ಹೆಸರು ‘ಯುಸಿಎನ್‌ಐಡಿ’ ಅಂತ ಶುರುವಾಗ್ತದೆ. ರನ್‌ಟೆಸ್ಟ್ ಫ್ಲ್ಯಾಗ್ಸ್‌ನಲ್ಲಿ ಆ ಹೆಸರು ಕೊಟ್ಟರೆ ಅವಷ್ಟೇ ನಿಮಿಷದೊಳಗೆ ಓಡ್ತವೆ. ಆದರೆ ನಮಗೆ ಬೇಕಿದ್ದದ್ದು ಒತ್ತಕ್ಷರ, ಗುಣಿತ ಇರೋ ಕನ್ನಡ. ಎರಡು ಟೆಸ್ಟ್ ನಾವೇ ಬರೆದೆವು. ಟೆಸ್ಟ್ ಅಂದರೆ ಸಾಮಾನ್ಯ ಸಿ ಫೈಲೇ. ‘ಇದನ್ನು ಓಡಿಸು’, ‘ಈ ಸಾಲಿನಲ್ಲಿ ಇಂಥ ಎಚ್ಚರಿಕೆ ಬರಬೇಕು’ ಅನ್ನೋದನ್ನು ಕಾಮೆಂಟಿನೊಳಗೆ ಡೆಜಾಗ್ನೂ ಭಾಷೆಯಲ್ಲಿ ಬರೀಬೇಕು. ಹೇಳದೇ ಇರೋ ಎಚ್ಚರಿಕೆ ಒಂದು ಬಂದರೂ ಫೇಲ್.

ಮೊದಲನೆಯದು ಉಪ್ಪು. ಎರಡೂ ಊರಿನಲ್ಲಿ ಪಾಸ್.

ಎರಡನೆಯದು ‘ಕೊಡ’. ಇದು ಸ್ವಲ್ಪ ಕುತ್ಸಿತ. ಕೊ ಅನ್ನು ಯುನಿಕೋಡಿನಲ್ಲಿ ಎರಡು ರೀತಿ ಬರೀಬಹುದು: ಕ ಮತ್ತು ಒಕಾರದ ಒಂದೇ ಚಿಹ್ನೆ, ಅಥವಾ ಕ, ಎತ್ವ, ಅದರ ಮೇಲೆ ಊಕಾರದ ಚಿಹ್ನೆ. ಪರದೆಯ ಮೇಲೆ ಒಂದೇ ಥರ ಕಾಣ್ತದೆ. ಮೊದಲನೆಯದು ಆರು ಬೈಟು, ಎರಡನೆಯದು ಒಂಬತ್ತು. ಕಂಪೈಲರಿಗೆ ಅವು ಬೇರೆ ಬೇರೆ ಹೆಸರು. ಒಂದು ಕೊಡಕ್ಕೆ ನೀರು ತುಂಬಿ ಇನ್ನೊಂದು ಕೊಡದಿಂದ ಬಗ್ಗಿಸಿದ ಹಾಗೆ. ಹಳೇ ಫಾಂಟಿನಿಂದ ಪರಿವರ್ತಿಸಿದ ಪಠ್ಯದಲ್ಲಿ ಇಂಥದ್ದು ನುಸುಳಿದರೆ ಪಿಯು ಹುಡುಗರು ಬಿಡಿ, ನಾವೇ ಒಂದು ದಿನ ತಲೆ ಕೆರೆದುಕೊಳ್ಳಬೇಕು. ಜಿಸಿಸಿಗೆ ಇದರ ಅರಿವಿದೆ. ಬಿಡಿಸಿ ಬರೆದ ರೂಪ ಕಂಡರೆ ‘ನಾಟ್ ಇನ್ ಎನ್‌ಎಫ್‌ಸಿ’ ಅಂತ, ಕೇಳದಿದ್ದರೂ ಎಚ್ಚರಿಕೆ ಕೊಡ್ತದೆ. ನಮ್ಮ ಟೆಸ್ಟ್ ಆ ಎಚ್ಚರಿಕೆಯನ್ನೇ ನಿರೀಕ್ಷಿಸ್ತದೆ. ಪಾಸಾಯ್ತು. ಆಮೇಲೆ ನಾರ್ಮಲೈಸ್ಡ್ ಎಚ್ಚರಿಕೆಯನ್ನು ಬೇಕಂತಲೇ ಆಫ್ ಮಾಡಿ ಮತ್ತೊಮ್ಮೆ ಓಡಿಸಿದೆವು. ಫೇಲ್ ಬಂತು, ಬರಬೇಕಿತ್ತು. ಬೀಳಬೇಕಾದಾಗ ಬೀಳದ ಟೆಸ್ಟನ್ನು ನಂಬಿ ಏನು ಪ್ರಯೋಜನ.

ಮೇಕ್ ಇನ್‌ಸ್ಟಾಲ್ ಕೊಟ್ಟು, ಪಾತ್‌ನಲ್ಲಿ ನಮ್ಮ ಬಿನ್ ಡೈರೆಕ್ಟರಿಯನ್ನು ಮುಂದೆ ಇಟ್ಟರೆ ಹೊಸ ಕಂಪೈಲರ್ ಸಿಗ್ತದೆ. ಒಂದು ಎಡವಟ್ಟು ಮಾತ್ರ ಮೊದಲೇ ಹೇಳಿಬಿಡ್ತೇವೆ. ಹೊಸದರಿಂದ ಕಟ್ಟಿದ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಓಡುವಾಗ ಯಂತ್ರದ ಹಳೇ ಲೈಬ್ರರಿಯನ್ನೇ ಹುಡುಕಿಕೊಂಡು ಹೋಗಿ ‘ಜಿಎಲ್‌ಐಬಿಸಿಎಕ್ಸ್‌ಎಕ್ಸ್ ಆವೃತ್ತಿ ಸಿಗಲಿಲ್ಲ’ ಅಂತ ಹೇಳಬಹುದು. ಎಲ್‌ಡಿ ಲೈಬ್ರರಿ ಪಾತ್‌ಗೆ ನಮ್ಮ ಪ್ರಿಫಿಕ್ಸಿನ ಲಿಬ್64 ಸೇರಿಸಿದರೆ ಸರಿ ಹೋಗ್ತದೆ. ಕಟ್ಟಿದ ಡೈರೆಕ್ಟರಿಯನ್ನು ಅಳಿಸಿ ಜಾಗ ಬಿಡಿಸಿಕೊಳ್ಳಬಹುದು, ಸಮ್ ಫೈಲುಗಳನ್ನು ಮಾತ್ರ ಬಿಟ್ಟು. ಅವನ್ನು ನಾವು ಕ್ಲಬ್ಬಿನ ಪೆನ್‌ಡ್ರೈವಿನಲ್ಲಿ ಯಂತ್ರದ ಹೆಸರು, ತಾರೀಕು ಹಾಕಿ ಇಟ್ಟಿದ್ದೇವೆ. ಮುಂದಿನ ಆವೃತ್ತಿ ಕಟ್ಟುವ ಜೂನಿಯರ್‌ಗಳಿಗೆ ಹೋಲಿಸಲು ಬೇಕಾಗ್ತದೆ.